ದೂರದ ಸರ್ವರ್ ಬೇಡದ ಆಟ

ಎನ್‌ಸೆಂಬಲ್ ಸ್ಟುಡಿಯೋಸ್ ರೂಪಿಸಿ, 1999ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ಏಜ್ ಆಫ್ ಎಂಪೈರ್ಸ್ 2’ ಆಟವನ್ನು ಹೊಗಳುವವರು ಅದರ ಕೋಟೆಗಳನ್ನು, ಕಾಳಗಗಳನ್ನು ನೆನೆಯುತ್ತಾರೆ. ನನ್ನ ಮೆಚ್ಚುಗೆ, ಹತ್ತಿರದ ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸಿ ಆಡುವ ಅದರ ಲ್ಯಾನ್ ವ್ಯವಸ್ಥೆಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕು ಊರುಗಳಲ್ಲಿ ಕೆಲವು ಹಳೆಯ ಕಂಪ್ಯೂಟರು, ಒಂದು ಸ್ವಿಚ್ಚು, ಒಂದಿಷ್ಟು ಕೇಬಲ್ಲು ಇದ್ದರೆ ಸಾಕು. ಇಂಟರ್ನೆಟ್ಟಿನ ಹಂಗಿಲ್ಲದೆ ಎಂಟು ಜನ ಒಂದೇ ಕಣಕ್ಕೆ ಇಳಿಯಬಹುದು.

ಇದರ ಗುಟ್ಟು ಸರಳ. ನೂರಾರು ಸೈನಿಕರ ಚಲನವಲನವನ್ನು ಈ ಆಟ ಕೇಬಲ್ಲಿನ ಮೂಲಕ ಕಳಿಸುವುದೇ ಇಲ್ಲ. ಆಟಗಾರ ಕೊಟ್ಟ ಆಜ್ಞೆಯಷ್ಟೇ ಹೋಗುತ್ತದೆ. ಮುಂದಿನ ಲೆಕ್ಕವನ್ನೆಲ್ಲ ಪ್ರತಿ ಕಂಪ್ಯೂಟರೂ ತಾನೇ ಮಾಡಿಕೊಳ್ಳುತ್ತದೆ. ಸರಣಿಯ ಮೊದಲ ಆಟ 16 ಎಂಬಿ ಮೆಮೊರಿಯ ಪೆಂಟಿಯಂ 90 ಯಂತ್ರದಲ್ಲಿ, 28.8 ಕೆಬಿಪಿಎಸ್ ಮೋಡೆಮ್ ಮೇಲೆ ಓಡಬೇಕೆಂದು ಹುಡುಕಿದ ದಾರಿಯಿದು. ಜೋಡೆತ್ತಿನಲ್ಲಿ ಒಂದು ನಿಧಾನವಾದರೆ ಇನ್ನೊಂದೂ ಅದರ ಹೆಜ್ಜೆಗೇ ಬರಬೇಕಲ್ಲ, ಹಾಗೆ ಇಲ್ಲಿ ಎಲ್ಲರ ಆಟವೂ ಅತಿ ನಿಧಾನದ ಯಂತ್ರಕ್ಕೆ ಹೊಂದಿಕೊಳ್ಳುತ್ತದೆ. ಹೊಸ ಯಂತ್ರ ಕೊಂಡವರಿಗೆ ಇದು ಕಿರಿಕಿರಿ. ಆದರೆ ಹಳೆಯ ಯಂತ್ರದ ಮುಂದೆ ಕೂತವನು ಆ ಕಾರಣಕ್ಕೇ ಸೋಲುವುದಿಲ್ಲ. ಈ ನ್ಯಾಯ ನನಗೆ ದೊಡ್ಡದಾಗಿ ಕಾಣುತ್ತದೆ.

ದೋಷಗಳೂ ಸಣ್ಣವಲ್ಲ. ಎಲ್ಲ ಯಂತ್ರಗಳ ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ತಾಳೆಯಾಗಬೇಕು. ಆದ್ದರಿಂದ ಎಲ್ಲರ ಬಳಿಯೂ ಆಟದ ಆವೃತ್ತಿ ಒಂದೇ ಇರಬೇಕು. ವಿಂಡೋಸ್ 10ರಲ್ಲಿ ಮೊದಲು ‘ಡೈರೆಕ್ಟ್‌ಪ್ಲೇ’ ಸೌಲಭ್ಯವನ್ನು ಆನ್ ಮಾಡಬೇಕು. ಒಂದು ಯಂತ್ರಕ್ಕೆ 192.168.1.10, ಮತ್ತೊಂದಕ್ಕೆ 192.168.1.11 ಎಂದು ಐಪಿ ವಿಳಾಸ ಕೊಟ್ಟು, ಸಬ್‌ನೆಟ್ ಮಾಸ್ಕ್ 255.255.255.0 ಇಟ್ಟು, ಅವು ಒಂದನ್ನೊಂದು ತಲುಪುತ್ತವೆಯೇ ಎಂದು ‘ಪಿಂಗ್’ ಮಾಡಿ ನೋಡಬೇಕು. ಫೈರ್‌ವಾಲ್ ಆಟವನ್ನು ತಡೆಯದಂತೆ ಅನುಮತಿ ಕೊಡಬೇಕು. ಕೇಬಲ್ಲಿನ ಜತೆ ವೈಫೈ ಕೂಡ ಚಾಲೂ ಇದ್ದರೆ ಆಟ ತಪ್ಪು ದಾರಿ ಹಿಡಿಯಬಹುದು; ಆಗ ವೈಫೈ ಆರಿಸುವುದೇ ಮೇಲು. ಈ ಜೋಡಣೆಯಲ್ಲಿ ತಪ್ಪಾದರೆ ಹಲವೊಮ್ಮೆ ಪರದೆಯ ಮೇಲೆ ಕಾಣುವುದು ಆಟಗಳ ಖಾಲಿ ಪಟ್ಟಿ ಮಾತ್ರ. ಎಲ್ಲಿ ಎಡವಟ್ಟಾಯಿತೆಂದು ಆಗ ಆಟ ಹೇಳುವುದಿಲ್ಲ. ಇಷ್ಟು ಜಾಣತನದಿಂದ ಕಟ್ಟಿದವರು ಹೊಸಬರಿಗೆ ಆ ಪರದೆಯಲ್ಲೇ ನಾಲ್ಕು ಸಾಲಿನ ಸುಳಿವನ್ನೂ ಕೊಡದಿದ್ದುದು ಕೊರತೆಯೇ ಸರಿ.

ಆದರೂ ಈ ತೊಡಕನ್ನು ಬಿಡಿಸುತ್ತ ಹುಡುಗರು ಕಲಿಯುವುದು ನಿಜವಾದ ವಿದ್ಯೆ. ಐಪಿ, ಸಬ್‌ನೆಟ್, ಫೈರ್‌ವಾಲ್ ಎಂದರೇನೆಂದು ಬೋರ್ಡಿನ ಮೇಲೆ ಬರೆದು ಹೇಳುವುದಕ್ಕಿಂತ ಹೀಗೆ ಕೈಯಾರೆ ಮಾಡಿದಾಗ ಗಟ್ಟಿಯಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ತಾಲ್ಲೂಕು ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳು ಇದನ್ನು ಪಾಠವಾಗಿಯೇ ಬಳಸಿಕೊಳ್ಳಬಹುದು.

ಬೇಸರದ ಸಂಗತಿಯೆಂದರೆ, ಮುಂದೆ ಬಂದ ದೊಡ್ಡ ಆಟಗಳು ಈ ಬಾಗಿಲನ್ನೇ ಮುಚ್ಚಿದವು. 2010ರ ‘ಸ್ಟಾರ್‌ಕ್ರಾಫ್ಟ್ 2’ರಲ್ಲಿ ಲ್ಯಾನ್ ಆಟವೇ ಇರಲಿಲ್ಲ. 2013ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 2’ರ ಎಚ್‌ಡಿ ರೂಪದಲ್ಲೂ ಆಟಗಾರರು ಸ್ಟೀಮ್ ಎಂಬ ಆನ್‌ಲೈನ್ ವೇದಿಕೆಯ ಮೂಲಕವೇ ಕೂಡಬೇಕಾಯಿತು. ಕಳ್ಳಪ್ರತಿ ತಡೆಯುವ ಕಾಳಜಿ ಕಂಪನಿಗಳಿಗಿರಬಹುದು. ಅದರ ದಂಡವನ್ನು ತೆರುವವರು ಮಾತ್ರ ದುಡ್ಡು ಕೊಟ್ಟು ಆಟ ಕೊಂಡ, ನೆಟ್‌ವರ್ಕ್ ಸರಿಯಿಲ್ಲದ ಊರಿನ ಆಟಗಾರರು. ಪಕ್ಕದ ಕುರ್ಚಿಯಲ್ಲಿರುವ ಗೆಳೆಯನ ಜತೆ ಆಡಲು ಎಲ್ಲೋ ಇರುವ ಸರ್ವರಿನ ಅಪ್ಪಣೆ ಬೇಕಾಗಬಾರದು. 1999ರಲ್ಲೇ ಸಾಧ್ಯವಿದ್ದುದನ್ನು ಇಂದಿನ ಆಟಗಳಿಂದ ನಾವು ಹಕ್ಕಾಗಿ ಕೇಳಬೇಕು.