ಪಾದುಕೆ ಮತ್ತು ಪೊರಕೆ

ಪಂಢರಪುರಕ್ಕೆ ನಡೆದು ಹೋಗುವ ಆಷಾಢದ ವಾರಿಯ ಬಗ್ಗೆ ಬರೆದವರು ಪುಣೆಯ ದಿನವನ್ನು ಹಬ್ಬದಂತೆ ಬಣ್ಣಿಸುತ್ತಾರೆ. ಆಳಂದಿಯಿಂದ ಜ್ಞಾನೇಶ್ವರನ ಪಾಲಖಿ, ದೇಹುವಿನಿಂದ ತುಕಾರಾಮನ ಪಾಲಖಿ, ಸಾಮಾನ್ಯವಾಗಿ ಎರಡೂ ಒಂದೇ ದಿನ ಪಟ್ಟಣ ಹೊಗುತ್ತವೆ. ಒಂದು ಭವಾನಿ ಪೇಠೆಯಲ್ಲಿ, ಇನ್ನೊಂದು ನಾನಾ ಪೇಠೆಯಲ್ಲಿ ತಂಗುತ್ತದೆ. ಪಂಢರಪುರ ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಕಾಲು ಬೊಬ್ಬೆಯೆದ್ದ ರೈತರಿಗೆ ಕಾಲೊತ್ತುವವರು, ಅನ್ನ ಇಕ್ಕುವವರು. ಪಟ್ಟಣವೇ ಹಳ್ಳಿಯ ಕಾಲಿಗೆ ಬೀಳುತ್ತೆ ಅನ್ನೋದು ಪೂರ್ತಿ ಸುಳ್ಳೇನಲ್ಲ. ಯಾರ ಕಾಲಿಗೆ ಅಂತ ಮಾತ್ರ ಕೇಳಬೇಕು.

ಪಾಲಖಿಯಲ್ಲಿ ಇರುವುದು ವಿಗ್ರಹವಲ್ಲ, ಪಾದುಕೆ. ಸಂತನ ಹೆಜ್ಜೆಯನ್ನು ಬೆಳ್ಳಿಯಲ್ಲಿ ಮಾಡಿಸಿ ಹೊತ್ತು ತರುತ್ತಾರೆ. ಇದೇ ಪುಣೆಯಲ್ಲಿ ಪೇಶ್ವೆಗಳ ಕಾಲದಲ್ಲಿ ಅಸ್ಪೃಶ್ಯನು ತನ್ನ ಹೆಜ್ಜೆಯ ಗುರುತನ್ನು ತಾನೇ ಗುಡಿಸಿಕೊಂಡು ಹೋಗಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು, ಉಗುಳಲು ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿತ್ತು ಎಂದು ಅಂಬೇಡ್ಕರ್ ತಮ್ಮ ‘ಜಾತಿ ವಿನಾಶ’ದಲ್ಲಿ (1936) ದಾಖಲಿಸುತ್ತಾರೆ. ಒಂದೇ ಊರಿನಲ್ಲಿ ಒಂದು ಹೆಜ್ಜೆಗೆ ಪಲ್ಲಕ್ಕಿ, ಇನ್ನೊಂದು ಹೆಜ್ಜೆಗೆ ಪೊರಕೆ. ಪೇಶ್ವೆಗಳು ಹೋದ ಮೇಲೂ ಬಾಗಿಲು ತೆರೆಯಲಿಲ್ಲ. 1929ರಲ್ಲಿ ಪುಣೆಯ ಪರ್ವತಿ ಬೆಟ್ಟದ ಗುಡಿಗೆ ನಡೆದ ಸತ್ಯಾಗ್ರಹಿಗಳ ಮೇಲೆ ಬಿದ್ದದ್ದು ಕಲ್ಲು. ವಾರಿಯ ಸಾಹಿತ್ಯ ಈ ಇನ್ನೊಂದು ನಡಿಗೆಯನ್ನು ತನ್ನದೆಂದು ಓದಿಕೊಂಡೇ ಇಲ್ಲ.

ಇರಾವತಿ ಕರ್ವೆಯವರ ವಾರಿಯ ಪ್ರಬಂಧವನ್ನು (ಇಂಗ್ಲಿಷಿನಲ್ಲಿ ಬಂದದ್ದು 1962ರಲ್ಲಿ) ನಾನು ಗೌರವದಿಂದಲೇ ಓದುತ್ತೇನೆ. ಪುಣೆಯ ಬ್ರಾಹ್ಮಣ ವಿದ್ವಾಂಸೆ, ದಿಂಡಿಯ ಜೊತೆ ಮಳೆಯಲ್ಲಿ ನಡೆದವರು. ಬ್ರಾಹ್ಮಣರೂ ಮರಾಠರೂ ಹಾಡುವುದು ಒಟ್ಟಿಗೆ, ಉಣ್ಣುವುದು ಬೇರೆ ಬೇರೆ ಎಂಬುದನ್ನು ಕಂಡು ನೊಂದರು, ಮುಚ್ಚಿಡದೆ ಬರೆದರು. ಅಷ್ಟು ಬರೆಯುವುದಕ್ಕೂ ಎದೆ ಬೇಕು. ನನ್ನ ತಕರಾರು ಅವರು ಆಮೇಲೆ ಕಂಡುಕೊಳ್ಳುವ ನಾಡಿನ ಬಗ್ಗೆ. ಯಾರು ಪಂಢರಪುರಕ್ಕೆ ಹೋಗುತ್ತಾರೋ ಅವರ ನಾಡೇ ಮಹಾರಾಷ್ಟ್ರ ಎಂಬರ್ಥದ ಮಾತದು. ಹೋದವರೆಲ್ಲ ಒಳಗೆ ಹೋದರೆ? ಪಂಢರಪುರದ ಗುಡಿ ದಲಿತರಿಗೆ ತೆರೆದದ್ದು 1947ರಲ್ಲಿ, ಅದೂ ಸಾನೆ ಗುರೂಜಿ ಉಪವಾಸ ಕೂತ ಮೇಲೆ. 1956ರಲ್ಲಿ ನಾಗಪುರಕ್ಕೆ ಹೋಗಿ ಬೌದ್ಧರಾದ ಲಕ್ಷಾಂತರ ಜನ ಈ ನಾಡಿನವರಲ್ಲವೆ? ಕರ್ವೆ ಮರಾಠಿಯಲ್ಲಿ ಬರೆದದ್ದು ಅದಕ್ಕೂ ಮುಂಚೆ, ಅವರನ್ನು ಇದಕ್ಕೆ ಹೊಣೆ ಮಾಡಲಾಗದು. ಆದರೆ ಆ ಮಾತನ್ನು ಇವತ್ತಿಗೂ ಹಾಗೇ ಒಪ್ಪಿಸುವವರಿಗೆ ಏನಾಗಿದೆ?

ವಿಠಲ ಕನ್ನಡದವನು ಎಂದು ಬೀಗುವ ನಮ್ಮವರೂ ಇದನ್ನು ನೋಡಬೇಕು. ಬಸವಣ್ಣ ಬಿಜ್ಜಳನ ಬಳಿ ಕಾಯಕಕ್ಕಿದ್ದ ಮಂಗಳವಾಡವೇ ಇಂದಿನ ಮಂಗಳವೇಢೆ. ಅಲ್ಲೇ ಗೋಡೆ ಕಟ್ಟುವ ಬಿಟ್ಟಿ ಕೆಲಸದಲ್ಲಿ ಗೋಡೆ ಕುಸಿದು ಮಹಾರ ಸಂತ ಚೋಖಾಮೇಳ ಸತ್ತ. ನಾಮದೇವ ಅವನ ಮೂಳೆ ಆಯ್ದು ತಂದು ಪಂಢರಪುರದ ಮಹಾದ್ವಾರದ ಎದುರು ಹೂಳಿದ ಎಂಬುದು ಕಥೆ. ಸಮಾಧಿ ಇವತ್ತಿಗೂ ಬಾಗಿಲಾಚೆಯೇ ಇದೆ. ವಾರಕರಿಗಳು ಅದಕ್ಕೆ ಕೈಮುಗಿದು ಒಳಗೆ ಹೋಗುತ್ತಾರೆ. ಭಕ್ತಿಗೆ ಜಾತಿಯಿಲ್ಲ ಎನ್ನಲು ನಮ್ಮ ವಿಮರ್ಶಕರಿಗೆ ಇದೊಂದು ಸಾಕ್ಷಿ ಸಾಕು!

ಚೋಖನ ಮನೆಯವರು ಅಷ್ಟಕ್ಕೆ ಸುಮ್ಮನಾದವರಲ್ಲ. ಹೆಂಡತಿ ಸೊಯರಾಬಾಯಿ ಮೈಲಿಗೆಯಿಲ್ಲದೆ ಹುಟ್ಟಿದ ಮೈ ಎಲ್ಲಿದೆ ಎಂದು ಕೇಳಿದಳು. ಮಗ ಕರ್ಮಮೇಳ, ನಮ್ಮನ್ನು ಕೀಳು ಜಾತಿಯಲ್ಲಿ ಹುಟ್ಟಿಸಿ ಎಂಜಲು ತಿನ್ನಿಸಿದೆಯಲ್ಲ ಎಂದು ವಿಠಲನನ್ನೇ ತರಾಟೆಗೆ ತೆಗೆದುಕೊಂಡ. ಕರ್ವೆಯವರ ಪ್ರಬಂಧ ಪಾಠ ಮಾಡುವವರು ಅದೇ ವಾರ ಕರ್ಮಮೇಳನ ಅಭಂಗಗಳನ್ನೂ ತರಗತಿಗೆ ತರಲಿ. ಮೊದಲು ಯಾರಾದರೂ ಅವನ್ನು ನೆಟ್ಟಗೆ ಕನ್ನಡಕ್ಕೆ ತರಲಿ.