ಪೆಟ್ರೋಲಿನ ಲೆಕ್ಕ: ಗುಣಾಕಾರ ಗಟ್ಟಿ, ಹಂಚಿಕೆ ಸಡಿಲ

ಅಮೆರಿಕದ ಇಂಧನ ಮಾಹಿತಿ ಸಂಸ್ಥೆ ಇಐಎ ತಿಂಗಳು ತಿಂಗಳೂ ಹೊರತರುವ ಅಂಕಿಅಂಶಗಳಲ್ಲಿ ವಾಣಿಜ್ಯ ವಲಯದ ಪೆಟ್ರೋಲಿಗೆ ಒಂದು ಪ್ರತ್ಯೇಕ ಕಾಲಂ ಇದೆ. ಆ ವಲಯದಲ್ಲಿ ಉರಿದ ಪೆಟ್ರೋಲಿನಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿತ್ತು ಎಂಬುದು ಅಲ್ಲಿ ಸಿಗುತ್ತದೆ. ಹವಾಮಾನ ನೀತಿಯ ಚರ್ಚೆಗೆ ಇಂಥ ಅಂಕಿಗಳೇ ಆಧಾರ. ಆದ್ದರಿಂದ ಅವು ಹೇಗೆ ಹುಟ್ಟುತ್ತವೆ ಎಂಬುದನ್ನು ಬಿಡಿಸಿ ನೋಡಬೇಕು.

ಲೆಕ್ಕದ ಮೊದಲ ಅರ್ಧ ಮೆಚ್ಚುವಂಥದ್ದು. ಹೊಗೆಕೊಳವೆಗಳಿಗೆ ಯಾರೂ ಮೀಟರು ಕಟ್ಟುವುದಿಲ್ಲ. ಉರಿದ ಇಂಧನದ ಪ್ರಮಾಣ ಗೊತ್ತಾದರೆ ಸಾಕು, ಉಳಿದದ್ದನ್ನು ರಸಾಯನಶಾಸ್ತ್ರ ಹೇಳುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ ಒಂದು ಗ್ಯಾಲನ್ ಪೆಟ್ರೋಲಿಗೆ 8,887 ಗ್ರಾಂ, ಅಂದರೆ ಲೀಟರಿಗೆ ಸುಮಾರು 2.35 ಕಿಲೋ ಇಂಗಾಲದ ಡೈಆಕ್ಸೈಡ್. ಮುಕ್ಕಾಲು ಕಿಲೋ ತೂಗುವ ಒಂದು ಲೀಟರಿನಿಂದ ಇಷ್ಟು ಬರುವುದು ಹೇಗೆ? ಉರಿಯುವಾಗ ಇಂಗಾಲದ ಪ್ರತಿ ಪರಮಾಣುವೂ ಗಾಳಿಯಿಂದ ಎರಡು ಆಮ್ಲಜನಕದ ಪರಮಾಣುಗಳನ್ನು ಸೆಳೆದುಕೊಳ್ಳುತ್ತದೆ. 12 ಗ್ರಾಂ ಇಂಗಾಲ 44 ಗ್ರಾಂ ಅನಿಲವಾಗುತ್ತದೆ. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿ ಪೆಟ್ರೋಲಿನ ಪ್ರತಿ ಟೆರಾಜೌಲ್ ಶಕ್ತಿಗೆ 69.3 ಟನ್ ಎಂದು ನಿಗದಿ ಮಾಡಿ, ಅದು 67.5ರಿಂದ 73ರವರೆಗೆ ಏರುಪೇರಾಗಬಹುದು ಎಂದೂ ತಿಳಿಸಿದೆ. ತನ್ನ ದೋಷದ ಅಳತೆಯನ್ನೂ ಜೊತೆಗೇ ಕೊಡುವ ಅಂಕಿಯನ್ನು ನಂಬಬಹುದು.

ತೊಡಕಿರುವುದು ಇನ್ನೊಂದು ಅರ್ಧದಲ್ಲಿ: ಉರಿಸಿದವರು ಯಾರು?

ಸರಕು ತಲುಪಿಸುವ ವ್ಯಾನು, ಬಾಡಿಗೆ ಟ್ಯಾಕ್ಸಿ ವ್ಯಾಪಾರಕ್ಕೇ ಓಡುತ್ತವೆ. ಆದರೂ ಇಐಎ ಅವನ್ನು ಸಾರಿಗೆ ವಲಯಕ್ಕೆ ಸೇರಿಸುತ್ತದೆ. ವಾಣಿಜ್ಯದ ಪಾಲಿಗೆ ಬರುವುದು ಹೆಚ್ಚಾಗಿ ರಸ್ತೆಯಾಚೆ ಉರಿದ ಪೆಟ್ರೋಲು. ಅದನ್ನು ಅಂದಾಜು ಮಾಡುವುದು ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತ. ರಾಜ್ಯಗಳು ಕೊಡುವ ತೆರಿಗೆ ದಾಖಲೆ ಮತ್ತು ಗಣಿತದ ಮಾದರಿಗಳೇ ಅದರ ಸಾಧನ. ಪೆಟ್ರೋಲಿನ ತೆರಿಗೆ ರಸ್ತೆಗೆಂದು ವಸೂಲಾಗುವುದರಿಂದ, ರಸ್ತೆಯಾಚೆ ಬಳಸಿದವರು ಹಲವು ರಾಜ್ಯಗಳಲ್ಲಿ ಅದನ್ನು ವಾಪಸು ಕೇಳಬಹುದು. ಎರಡು ಡಬ್ಬಿ ಪೆಟ್ರೋಲಿಗೆ ಅರ್ಜಿ ಬರೆಯುವ ಗೋಜಿಗೆ ಹೋಗದವರ ಬಳಕೆ ಆ ದಾಖಲೆಯಲ್ಲಿ ಕಾಣುವುದೇ ಇಲ್ಲ.

ಈ ಹಂಚಿಕೆಯ ವಿಧಾನ ಬದಲಾದದ್ದರಿಂದ 2014 ಮತ್ತು 2015ರ ನಡುವೆ ಅಂಕಿಗಳ ಸರಣಿ ತುಂಡಾಗಿದೆ. ವಾಣಿಜ್ಯ ಮತ್ತು ಕೈಗಾರಿಕೆಯ ಪಾಲು ಏರಿತು, ಸಾರಿಗೆಯದು ಇಳಿಯಿತು. ಆ ಏರಿಕೆಯ ಕಾರಣಕ್ಕೆ ಒಂದು ಹನಿಯೂ ಹೆಚ್ಚು ಉರಿದಿರಲಿಲ್ಲ. ಇಐಎ ಇದನ್ನು ಅಡಿಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಹೇಳಿದೆ. ಆದರೆ ಅಂಕಿಗಳನ್ನು ಎತ್ತಿಕೊಂಡು ಬೇರೆಯವರು ನಕ್ಷೆ ಬರೆದಾಗ ಅಡಿಟಿಪ್ಪಣಿ ಜೊತೆಗೆ ಹೋಗುವುದಿಲ್ಲ. ವಿಧಾನ ಬದಲಾದರೆ ಹಳೆಯ ವರ್ಷಗಳನ್ನೂ ಮರುಲೆಕ್ಕ ಹಾಕಿ ಸರಣಿಯನ್ನು ಸರಿಹೊಂದಿಸಬೇಕು ಎನ್ನುವುದು ಐಪಿಸಿಸಿ ಮಾರ್ಗಸೂಚಿಯ ಆಶಯ. ಅದಾಗದಿದ್ದರೆ ಆ ಜಾಗದಲ್ಲಿ ಗೆರೆಯನ್ನಾದರೂ ಕಡಿದು ತೋರಿಸಬೇಕು.

ಒಂದೇ ಅನಿಲಕ್ಕೆ ಅಂಟಿಕೊಂಡ ಕಾಲಂ ಮತ್ತೂ ಒಂದನ್ನು ಮರೆಮಾಡುತ್ತದೆ. ವಾಣಿಜ್ಯ ಬಳಕೆಯ ಎಲೆ ಊದುವ ಯಂತ್ರವನ್ನು ಒಂದು ಗಂಟೆ ಓಡಿಸಿದರೆ ಹೊರಬೀಳುವ, ಹೊಗೆಮಂಜು ಉಂಟುಮಾಡುವ ಮಾಲಿನ್ಯ ಕಾರನ್ನು 1,100 ಮೈಲಿ ಓಡಿಸಿದ್ದಕ್ಕೆ ಸಮ ಎನ್ನುತ್ತದೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ. ಎರಡು ಸ್ಟ್ರೋಕಿನ ಎಂಜಿನ್ ತನ್ನ ಇಂಧನದ ಒಂದು ಭಾಗವನ್ನು ಉರಿಸದೆಯೇ ಹೊರಗೆ ಉಗುಳುತ್ತದೆ. ಇಂಗಾಲದ ಲೆಕ್ಕ ಮಾತ್ರ ಎಲ್ಲವೂ ಉರಿದು ಹೋಯಿತೆಂದೇ ಹಿಡಿಯುತ್ತದೆ. ಆ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ದಿನವಿಡೀ ದುಡಿಯುವವರ ಉಸಿರಿಗೆ ಈ ಕಾಲಂನಲ್ಲಿ ಜಾಗವಿಲ್ಲ. ಕ್ಯಾಲಿಫೋರ್ನಿಯಾ 2021ರಲ್ಲಿ ಇಂಥ ಸಣ್ಣ ಎಂಜಿನ್‌ಗಳನ್ನು ಕ್ರಮೇಣ ಕೈಬಿಡುವ ಕಾನೂನು ತಂದದ್ದು ಸರಿಯಾದ ಹೆಜ್ಜೆ.

ಹಂಚಿಕೆಯ ಪ್ರಶ್ನೆಗೆ ಭಾರತದಲ್ಲಿ ಬೇರೆ ದಾರಿ ಹಿಡಿದದ್ದುಂಟು. ಪೆಟ್ರೋಲಿಯಂ ಯೋಜನೆ ಮತ್ತು ವಿಶ್ಲೇಷಣಾ ಕೋಶ ನೀಲ್ಸನ್ ಎಂಬ ಸಮೀಕ್ಷಾ ಸಂಸ್ಥೆಯ ಮೂಲಕ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಶೇ. 99.6ರಷ್ಟು ಪೆಟ್ರೋಲ್ ಸಾರಿಗೆಗೇ ಹೋಗುತ್ತಿತ್ತು, ಅದರಲ್ಲೂ ಸಿಂಹಪಾಲು ದ್ವಿಚಕ್ರ ವಾಹನಗಳದು. ಡೀಸೆಲ್‌ನಲ್ಲಿ ಸಾರಿಗೆಯ ಪಾಲು ಆಗ ಸುಮಾರು ಶೇ. 70 ಇತ್ತು. ಅಮೆರಿಕದ ವಾಣಿಜ್ಯ ಕಾಲಂಗೂ ಬೇಕಿರುವುದು ಬಳಸುವವರನ್ನೇ ನೇರವಾಗಿ ವಿಚಾರಿಸುವ, ಕೆಲವು ವರ್ಷಗಳಿಗೊಮ್ಮೆ ನಡೆಯುವ ಸಮೀಕ್ಷೆ, ಮತ್ತು ಪ್ರತಿ ಅಂಕಿಯ ಪಕ್ಕದಲ್ಲೇ ಅಚ್ಚಾದ ದೋಷದ ವ್ಯಾಪ್ತಿ.