ಮಂತ್ರವಿದ್ದ ಮಂತ್ರಾಲಯ

ಮಂತ್ರಾಲಯವೆಂದೊಡನೆ ಉಟಗಿಯ ವಾಚಕರಿಗೆ ಮುಂಬಯಿಯ ಸರಕಾರಿ ಭವನ ನೆನಪಾಗುವುದು. ರಾಯರ ಭಕ್ತರಿಗೆ ತುಂಗಭದ್ರೆಯ ತೀರ. ಆಂಗ್ಲ ಲೇಖಕಿ ಜೆ. ಕೆ. ರೌಲಿಂಗ್ ಅವರು ‘ಹ್ಯಾರಿ ಪಾಟರ್’ ಕಾದಂಬರಿಗಳಲ್ಲಿ ಮೂರನೆಯದೊಂದನ್ನು ಕಟ್ಟಿದ್ದಾರೆ. ಲಂಡನ್ನಿನ ನೆಲದಡಿಯಲ್ಲಿ ಅಡಗಿ, ಮಾಂತ್ರಿಕರ ಗುಪ್ತ ಸಮಾಜವನ್ನು ಆಳುವ ಸರಕಾರವದು. ಮಂತ್ರಿ, ನ್ಯಾಯಸಭೆ, ಸೆರೆಮನೆ ಎಲ್ಲವೂ ಅದಕ್ಕುಂಟು.

೨೦೦೩ರಲ್ಲಿ ಪ್ರಕಟವಾದ ಐದನೆಯ ಸಂಪುಟದಲ್ಲಿ, ದುಷ್ಟ ಮಾಂತ್ರಿಕ ವೊಲ್ಡೆಮಾರ್ಟ್ ಮರಳಿ ಬಂದಿರುವನೆಂದು ಬಾಲಕ ಹ್ಯಾರಿ ಸಾರುತ್ತಾನೆ. ಮಂತ್ರಿ ಫಜ್ ನಂಬಲೊಲ್ಲನು; ಮುಖ್ಯಾಧ್ಯಾಪಕ ಡಂಬಲ್‌ಡೋರ್ ತನ್ನ ಪದವಿಯನ್ನು ಕಸಿದಾನೆಂಬ ಅಂಜಿಕೆ ಅವನಿಗೆ. ಅಂತೆಯೇ ಅಂಬ್ರಿಜ್ ಎಂಬ ಅಧಿಕಾರಿಣಿ ಶಾಲೆಗೆ ಬರುತ್ತಾಳೆ. ಆಜ್ಞೆಯ ಮೇಲೆ ಆಜ್ಞೆ ಹೊರಡಿಸಿ, ಆತ್ಮರಕ್ಷಣೆಯ ವಿದ್ಯೆಯನ್ನು ಬರಿಯ ಪುಸ್ತಕಪಾಠಕ್ಕೆ ಇಳಿಸುತ್ತಾಳೆ. ನಿಜ ನುಡಿದ ಹ್ಯಾರಿಯಿಂದ, ತಾನು ಸುಳ್ಳಾಡಬಾರದೆಂದು ಅವನದೇ ನೆತ್ತರಿನಲ್ಲಿ ಬರೆಯಿಸುತ್ತಾಳೆ.

ಇದು ಬರಿಯ ಮಕ್ಕಳ ಕಥೆಯೆಂಬ ಮಾತನ್ನು ನಾವು ಒಪ್ಪೆವು. ಮಂತ್ರವೆಂಬುದಕ್ಕೆ ಆಲೋಚನೆಯೆಂದೂ ಅರ್ಥವುಂಟು. ಆಲೋಚನೆ ಹೇಳುವವನೇ ಮಂತ್ರಿ. ಮಾಟದ ಮಂತ್ರವಿದ್ದೂ ಆಲೋಚನೆಯ ಮಂತ್ರವಿಲ್ಲದ ಮಂತ್ರಾಲಯದ ಗತಿಯೇ ಈ ಕೃತಿಯ ತಿರುಳು. ಕೊರತೆಯೂ ಇಲ್ಲದಿಲ್ಲ: ಅಂಬ್ರಿಜಳ ಕ್ರೌರ್ಯವು ಕಣ್ಣು ಕುಕ್ಕುವುದರಿಂದ, ಅಂಜಿ ಸುಮ್ಮನಿದ್ದ ನೌಕರರ ತಪ್ಪು ಮರೆಗೆ ಸರಿಯುತ್ತದೆ.

ಸತ್ಯಕ್ಕೆ ಅಂಜಿದ ಅಧಿಕಾರವು ಮೊದಲು ಶಾಲೆಯ ಕದವನ್ನೇ ತಟ್ಟುತ್ತದೆ. ಅಲ್ಲಿ ವಿದ್ಯೆಯನ್ನು ಉಳಿಸಿದವರು, ಗುಟ್ಟಾಗಿ ಕೂಡಿ ಒಬ್ಬರಿಗೊಬ್ಬರು ಕಲಿಸಿಕೊಂಡ ಮಕ್ಕಳು. ಅಧ್ಯಾಪಕರಾದ ನಾವು ಮರೆಯಲಾಗದ ಪಾಠವಿದು.